ವಾಗ್ದಾನಕ್ಕಿಂತ ಮುಂಚಿನ ಸಾಲುಗಳು: ನಂಬಿಕೆಯನ್ನು ದಿನದ ಬದುಕಿಗೆ ತರುವುದು ಹೇಗೆ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಎಷ್ಟೋ ಸಭೆಗಳಲ್ಲಿ ವಾಗ್ದಾನದ ಕಾರ್ಡು, ಅಂದರೆ ದೇವರು ಕೊಟ್ಟ ಮಾತಿನ ಒಂದು ಸತ್ಯವೇದ ವಾಕ್ಯ ಇರುವ ಕಾರ್ಡು ತೆಗೆಯುವ ಪದ್ಧತಿ ಇದೆ. ತಟ್ಟೆಯಲ್ಲೋ ಬುಟ್ಟಿಯಲ್ಲೋ ಕಾರ್ಡುಗಳನ್ನು ಮಗುಚಿ ಇಟ್ಟಿರುತ್ತಾರೆ, ಸಾಲಾಗಿ ಹೋಗಿ ಒಂದೊಂದು ಎತ್ತಿಕೊಳ್ಳುತ್ತೇವೆ, ಹೊರಗೆ ಬಂದು ಕೇಕ್ ತಿನ್ನುತ್ತಾ "ನಿಂಗೆ ಯಾವ್ದು ಬಂತು?" ಅಂತ ಕೇಳಿಕೊಳ್ಳುತ್ತೇವೆ. ಯೆರೆಮೀಯ 29:11 ಬಂದವರಿಗಂತೂ ಖುಷಿಯೋ ಖುಷಿ. ನಿಮ್ಮ ಬಗ್ಗೆ ನನ್ನ ಯೋಚನೆ ಒಳ್ಳೆಯದೇ, ಕೇಡಿನದಲ್ಲ, ನಿಮಗೆ ಮುಂದೆ ನಿರೀಕ್ಷೆ ಇದೆ ಅಂತ ದೇವರು ಹೇಳುವ ಮಾತು ಅದು. ಫ್ರಿಜ್ ಮೇಲೆ, ಬೈಬಲ್ ಕವರಿನೊಳಗೆ, ವಾಟ್ಸಾಪ್ ಡಿಪಿಯಲ್ಲಿ ವರ್ಷವಿಡೀ ಇರುತ್ತದೆ.

ಅದರಲ್ಲಿ ತಪ್ಪೇನಿಲ್ಲ. ಆದರೆ ಆಜ್ಞೆಯ ಕಾರ್ಡನ್ನು ಯಾರೂ ಅಚ್ಚು ಹಾಕಿಸುವುದಿಲ್ಲ, ಗಮನಿಸಿದ್ದೀರಾ? ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಇರಬಾರದು ಅನ್ನುವ ವಾಕ್ಯವೂ ಅದೇ ಸತ್ಯವೇದದಲ್ಲಿದೆ. ಅದು ಕಾರ್ಡಿನಲ್ಲಿ ಬಂದರೆ "ಇನ್ನೊಂದು ತಗೋಬಹುದಾ ಅಯ್ಯನವರೇ" ಅಂತ ಕೇಳುತ್ತೇವೇನೋ.

ಪ್ರೀತಿ, ವಿಧೇಯತೆ, ದೇವರ ಮೇಲಿನ ಭರವಸೆ. ಈ ಮೂರೂ ಪ್ರಸಂಗದಲ್ಲಿ ಕೇಳಿ ಕೇಳಿ ಸವೆದುಹೋದ ಮಾತುಗಳು. ಇವುಗಳನ್ನು ಸೋಮವಾರದಿಂದ ಶನಿವಾರದವರೆಗೆ ಮಾಡುವುದು ಹೇಗೆ ಅಂತ ಇಲ್ಲಿ ಹೇಳಲು ನೋಡುತ್ತೇನೆ. ನೀವು ಸಿಎಸ್‌ಐ, ಮೆಥೊಡಿಸ್ಟ್, ಕಥೋಲಿಕ, ಪೆಂತೆಕೊಸ್ತ್ ಯಾವ ಸಭೆಯವರಾದರೂ ಸರಿ. ನನ್ನ ಸಲಹೆ ಒಂದೇ. ವಾಗ್ದಾನವನ್ನು ಬಿಡಬೇಡಿ, ಅದಕ್ಕಿಂತ ಮುಂಚೆ ಇರುವ ಸಾಲುಗಳಿಂದ ಶುರು ಮಾಡಿ.

1. ಮೊದಲು ಇಡೀ ಪತ್ರ ಓದಿ

ಯೆರೆಮೀಯ 29 ಒಂದು ಪತ್ರ. ಬಾಬೆಲಿನ ರಾಜ ನೆಬೂಕದ್ನೆಚ್ಚರ ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ರಾಜನನ್ನು, ಅಧಿಕಾರಿಗಳನ್ನು, ಬಡಗಿ ಕಮ್ಮಾರರನ್ನು ಸೆರೆ ಹಿಡಿದುಕೊಂಡು ಹೋದ. ಊರು ಬಿಟ್ಟು ಶತ್ರುವಿನ ನಾಡಿನಲ್ಲಿ ಕೂತಿದ್ದ ಆ ಜನರಿಗೆ ಪ್ರವಾದಿ ಯೆರೆಮೀಯ ಬರೆದದ್ದು ಇದು.

ಅದನ್ನು ಓದುವ ಮೊದಲು 28ನೇ ಅಧ್ಯಾಯ ನೋಡಿ. ಹನನ್ಯ ಅನ್ನುವ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ, ಹೋದವರೆಲ್ಲ ವಾಪಸ್ ಬರುತ್ತಾರೆ ಅಂತ ಸಾರುತ್ತಾನೆ. ಬಾಬೆಲಿಗೆ ತಲೆಬಾಗಬೇಕು ಅನ್ನುವುದಕ್ಕೆ ಗುರುತಾಗಿ ಯೆರೆಮೀಯ ಕುತ್ತಿಗೆಯಲ್ಲಿ ಹೊತ್ತಿದ್ದ ಮರದ ನೊಗವನ್ನು ಕಿತ್ತು ಮುರಿಯುತ್ತಾನೆ. ಜನಕ್ಕೆ ಎಷ್ಟು ಹಿತವಾಗಿರಬೇಡ! ಯೆರೆಮೀಯ ಕೂಡ ಮೊದಲು "ಆಮೆನ್, ಹಾಗೇ ಆಗಲಿ" ಅನ್ನುತ್ತಾನೆ, ಅವನಿಗೇನು ಜನ ಸೆರೆಯಲ್ಲಿರಲಿ ಅಂತ ಆಸೆಯೇ? ಆದರೆ ದೇವರು ಅವನ ಕೈಲಿ ಬರೆಸಿದ್ದು ಬೇರೆ. ಎರಡು ವರ್ಷ ಅಲ್ಲ, 70 ವರ್ಷ. ಅಲ್ಲಿಯವರೆಗೆ ಮನೆ ಕಟ್ಟಿ ವಾಸಮಾಡಿ. ತೋಟ ಹಾಕಿ, ಅದರ ಫಲ ತಿನ್ನಿ. ಮದುವೆ ಮಾಡಿಕೊಳ್ಳಿ, ಮಕ್ಕಳಿಗೂ ಮದುವೆ ಮಾಡಿಸಿ. ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಒಳಿತಿಗೆ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ. ಇಷ್ಟೆಲ್ಲ ಆದಮೇಲೆ 11ನೇ ವಚನ ಬರುತ್ತದೆ.

ಈ ವಾರ ಒಂದು ಅರ್ಧ ಗಂಟೆ ತೆಗೆದಿಡಿ. 4ರಿಂದ 14ನೇ ವಚನದವರೆಗೆ ನಿಧಾನವಾಗಿ ಓದಿ. ಒಂದು ಹಾಳೆಯಲ್ಲಿ ಎಡಗಡೆ "ಮಾಡು" ಅಂದ ಮಾತುಗಳನ್ನೂ ಬಲಗಡೆ "ನಾನು ಮಾಡುತ್ತೇನೆ" ಅಂತ ದೇವರು ಹೇಳಿದ ಮಾತುಗಳನ್ನೂ ಬರೆಯಿರಿ. ಎಡಗಡೆ ಇರುವುದೇ ವಿಧೇಯತೆ ಮತ್ತು ಪ್ರೀತಿ, ಬಲಗಡೆ ಇರುವುದು ಭರವಸೆಗೆ ಆಧಾರ. ನಿಮ್ಮ ಕಾರ್ಡಿನಲ್ಲಿ ಯಾವ ವಾಕ್ಯ ಬಂದಿದ್ದರೂ ಹೀಗೇ ಮಾಡಿ, ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಓದಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಡಗಡೆಯದನ್ನು ಮಾಡಿದರೆ ಮಾತ್ರ ದೇವರು ನಮ್ಮನ್ನು ಒಪ್ಪುತ್ತಾನೆ ಅಂತಲ್ಲ. ಆ ಸೆರೆಯಾಳುಗಳು ಆಜ್ಞೆ ಮುರಿದೇ ಅಲ್ಲಿಗೆ ಹೋಗಿದ್ದವರು, ಆದರೂ ದೇವರು ಪತ್ರ ಬರೆಸಿದ. ಕೃಪೆ ಮೊದಲು, ನಡತೆ ಆಮೇಲೆ. ಯೋಹಾನ 14:15ರಲ್ಲಿ ಯೇಸುಸ್ವಾಮಿ ಹೇಳುವುದೂ ಇದೇ, ನನ್ನ ಮೇಲೆ ಪ್ರೀತಿ ಇದ್ದರೆ ನನ್ನ ಆಜ್ಞೆಗಳನ್ನು ಕೈಕೊಳ್ಳುತ್ತೀರಿ ಅಂತ.

2. ಗೊತ್ತಿರುವ ಒಂದು ಆಜ್ಞೆಯನ್ನು ಹಿಡಿಯಿರಿ

"ದೇವರ ಚಿತ್ತ ಏನು ಅಂತ ಗೊತ್ತಾಗ್ತಾ ಇಲ್ಲ." ಈ ಮಾತು ಎಲ್ಲ ಪ್ರಾರ್ಥನಾ ಕೂಟಗಳಲ್ಲೂ ಕೇಳಿಬರುತ್ತದೆ. ಕೆಲಸ ಬದಲಾಯಿಸಲೋ ಬೇಡವೋ, ಈ ಸಂಬಂಧ ಒಪ್ಪಲೋ ಬೇಡವೋ, ಸೈಟು ತಗೊಳ್ಳಲೋ ಬೇಡವೋ. ಕೇಳುವುದು ಒಳ್ಳೆಯದೇ. ಆದರೆ ಗೊತ್ತಿಲ್ಲದ ಚಿತ್ತಕ್ಕಾಗಿ ಉಪವಾಸ ಕೂರುವ ನಾವು ಗೊತ್ತಿರುವ ಚಿತ್ತವನ್ನು ಹಾಗೇ ಬಿಟ್ಟಿರುತ್ತೇವೆ. ಮತ್ತಾಯ 21ರಲ್ಲಿ ಇಬ್ಬರು ಮಕ್ಕಳ ಕಥೆ ಇದೆಯಲ್ಲ, ತೋಟಕ್ಕೆ ಹೋಗಿ ಕೆಲಸ ಮಾಡು ಅಂದಾಗ ಒಬ್ಬ "ಆಗಲ್ಲ" ಅಂದ, ಆಮೇಲೆ ಮನಸ್ಸು ಬದಲಾಗಿ ಹೋದ. ಇನ್ನೊಬ್ಬ "ಆಗಲಪ್ಪಾ" ಅಂದ, ಹೋಗಲೇ ಇಲ್ಲ. ನಮ್ಮಲ್ಲಿ ಎರಡನೆಯವನ ಸಂಖ್ಯೆ ಜಾಸ್ತಿ, ಯಾಕೆಂದರೆ ನಮಗೆ ಆಮೆನ್ ಅನ್ನುವುದು ಅಭ್ಯಾಸವಾಗಿದೆ.

ಹಾಗಾಗಿ ಒಂದೇ ಒಂದು ಆಜ್ಞೆ ಆರಿಸಿಕೊಳ್ಳಿ. ಯಾವುದನ್ನು? ಓದುವಾಗ ಯಾವುದರ ಮೇಲಿಂದ ಕಣ್ಣು ಬೇಗ ಜಾರುತ್ತದೋ ಅದನ್ನೇ. ಹೊಳೆಯದಿದ್ದರೆ ಇದರಿಂದ ಶುರು ಮಾಡಿ: ನಿಮ್ಮ ಕೈಕೆಳಗೆ ದುಡಿಯುವವರ ಸಂಬಳ.

ಇದು ಸಣ್ಣ ವಿಷಯ ಅಲ್ಲ. ಯಾಜಕಕಾಂಡ 19:13ರಲ್ಲಿ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ ಅಂತಿದೆ. ಧರ್ಮೋಪದೇಶಕಾಂಡ 24:15ರಲ್ಲಿ ಇನ್ನೂ ಬಿಗಿ, ಹೊತ್ತು ಮುಳುಗುವುದರೊಳಗೆ ಕೊಡು, ಅವನು ಬಡವ, ಅದನ್ನೇ ಎದುರು ನೋಡುತ್ತಿದ್ದಾನೆ ಅಂತ. ಹೊಸ ಒಡಂಬಡಿಕೆಗೆ ಬಂದರೆ ಯಾಕೋಬ 5:4, ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅನ್ನುತ್ತದೆ. ಮೂರು ಕಡೆ ಹೇಳಿದ ಮೇಲೆ ಇನ್ನೇನು ದರ್ಶನ ಬೇಕು?

ಸಾಮಾನ್ಯವಾಗಿ ನಡೆಯುವುದು ಹೀಗೆ. ತಿಂಗಳ ಐದನೇ ತಾರೀಖು, ಮನೆಗೆಲಸಕ್ಕೆ ಬರುವ ಅಕ್ಕ ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲ ಹತ್ತಿರ ಒಂದು ನಿಮಿಷ ಜಾಸ್ತಿ ನಿಲ್ಲುತ್ತಾರೆ. ಬಾಯಿ ಬಿಟ್ಟು ಕೇಳುವುದಿಲ್ಲ. ನಮಗೂ ಗೊತ್ತು ಯಾಕೆ ನಿಂತಿದ್ದಾರೆ ಅಂತ. "ಅಯ್ಯೋ, ಎಟಿಎಂಗೆ ಹೋಗೋಕೇ ಆಗ್ಲಿಲ್ಲ ಅಕ್ಕಾ, ನಾಳೆ ಕೊಡ್ತೀನಿ." ನಾಳೆ ಅನ್ನುವುದು ಎಂಟನೇ ತಾರೀಖಾಗುತ್ತದೆ. ಅಷ್ಟರಲ್ಲಿ ಅವರು ಸಂಘದ ಕಂತಿಗೆ ಯಾರ ಹತ್ತಿರವೋ ಕೈಸಾಲ ಮಾಡಿರುತ್ತಾರೆ. ಅದೇ ತಿಂಗಳು ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ನಾವು ಒಂದು ಕುಂಬಳಕಾಯಿಗೆ ಎರಡು ಸಾವಿರ ಕೂಗಿ ಚಪ್ಪಾಳೆ ತಗೊಂಡಿರುತ್ತೇವೆ! ಹರಾಜಿನಲ್ಲಿ ಕೂಗಬೇಡಿ ಅಂತ ನಾನು ಹೇಳುತ್ತಿಲ್ಲ, ಸಂಬಳ ಕೊಟ್ಟು ಆಮೇಲೆ ಕೂಗಿ.

ಮಾಡಬೇಕಾದದ್ದು ಸರಳ. ಒಂದನೇ ತಾರೀಖಿಗೆ ಫೋನಿನಲ್ಲಿ ಅಲಾರಂ ಇಡಿ. ಭಾನುವಾರ ಬಂದರೆ ಹಿಂದಿನ ದಿನವೇ ಕೊಡಿ. ಹುಷಾರಿಲ್ಲ ಅಂತ ಎರಡು ದಿನ ಬರದಿದ್ದರೆ ಸಂಬಳ ಮುರಿಯಬೇಡಿ, ನಿಮ್ಮ ಆಫೀಸಿನಲ್ಲಿ ನಿಮಗೆ ಸಿಕ್ ಲೀವ್ ಇದೆ ಅಲ್ವಾ? ಅಂಗಡಿ, ತೋಟ, ವರ್ಕ್‌ಶಾಪ್ ಇಟ್ಟುಕೊಂಡವರಿಗೂ ಇದೇ ಮಾತು. ಸಭೆಯ ಕಮಿಟಿಯವರಿಗೂ ಸೇರಿಸಿಯೇ ಹೇಳುತ್ತೇನೆ, ದೇವಾಲಯದ ಕಸ ಗುಡಿಸಿ ಗಂಟೆ ಹೊಡೆಯುವವರ ಸಂಬಳ ಎಷ್ಟು, ಯಾವಾಗ ಕೊಡುತ್ತೀರಿ ಅಂತ ಮುಂದಿನ ಮೀಟಿಂಗಿನಲ್ಲಿ ಒಮ್ಮೆ ನೋಡಿ.

ಒಂದು ಆಜ್ಞೆಯಲ್ಲಿ ಎರಡು ಮೂರು ತಿಂಗಳು ನಡೆದು ಅದು ಅಭ್ಯಾಸವಾದ ಮೇಲೆ ಇನ್ನೊಂದನ್ನು ಹಿಡಿಯಿರಿ. ಸುಳ್ಳು ಬಿಲ್ಲು ಇರಬಹುದು, ತಂಗಿಯ ಪಾಲಿನ ಆಸ್ತಿ ಇರಬಹುದು, ವರದಕ್ಷಿಣೆಗೆ "ಪ್ರೀತಿಯಿಂದ ಕೊಟ್ಟದ್ದು" ಅಂತ ಹೆಸರಿಟ್ಟಿರುವುದು ಇರಬಹುದು. ನಿಮ್ಮದು ನಿಮಗೇ ಗೊತ್ತು.

3. ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಬನ್ನಿ

ಮತ್ತಾಯ 5:23-24 ವಿಚಿತ್ರವಾದ ಮಾತು. ಕಾಣಿಕೆ ತಂದು ಯಜ್ಞವೇದಿಯ ಮುಂದೆ ನಿಂತಿದ್ದೀರಿ, ಆಗ ಸಹೋದರನಿಗೆ ನಿಮ್ಮ ಮೇಲೆ ಏನೋ ಬೇಸರ ಇದೆ ಅಂತ ನೆನಪಾಗುತ್ತದೆ. ಕಾಣಿಕೆ ಅಲ್ಲೇ ಬಿಡು, ಹೋಗಿ ಅವನ ಜೊತೆ ಒಂದಾಗು, ಆಮೇಲೆ ಬಾ. ಯೇಸು ಇದನ್ನು ಹೇಳಿದ್ದು ಗಲಿಲಾಯದಲ್ಲಿ, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಕೇಳಿದವರಿಗೆ ಹೋಗಿಬರುವುದು ಅಂದರೆ ದಿನಗಟ್ಟಲೆ ನಡಿಗೆ! ನಮಗೆ ಹೆಚ್ಚೆಂದರೆ ಒಂದು ಬಸ್ ಟಿಕೆಟ್ಟು.

ಒಬ್ಬರೇ ಹೋಗಿ. ದೊಡ್ಡವರನ್ನು, ಪಾಸ್ಟರನ್ನು ಮೊದಲೇ ಕರೆದುಕೊಂಡು ಹೋಗಬೇಡಿ, ಅದು ಪಂಚಾಯಿತಿ ಆಗುತ್ತದೆ. ವಾಟ್ಸಾಪಿನಲ್ಲಿ ವಾಕ್ಯ ಕಳಿಸಿ ಕೈ ಮುಗಿಯುವ ಎಮೋಜಿ ಹಾಕಿದರೆ ಆಗಲಿಲ್ಲ. ದೂರದಲ್ಲಿದ್ದರೆ ಫೋನ್ ಮಾಡಿ. ನಿಮ್ಮ ತಪ್ಪನ್ನು ಮಾತ್ರ ಹೇಳಿ, ಅವರದ್ದನ್ನು ಸೇರಿಸಬೇಡಿ. "ಅಣ್ಣಾ, ನಾನೂ ತಪ್ಪು ಮಾಡಿರಬಹುದು, ಆದ್ರೆ ಅವತ್ತು ನೀನು ಹಾಗೆ ಮಾತಾಡಬಾರದಿತ್ತು" ಅಂದರೆ ಅದು ಕ್ಷಮೆ ಕೇಳಿದ ಹಾಗಲ್ಲ, ಜಗಳದ ಎರಡನೇ ಭಾಗ. "ಅಣ್ಣಾ, ಅಮ್ಮನ ಆಸ್ಪತ್ರೆ ಖರ್ಚು ಅಂತ ನಿನ್ನ ಹತ್ರ ಮೂವತ್ತು ಸಾವಿರ ತಗೊಂಡು, ಆಮೇಲೆ ಫೋನೇ ಎತ್ತಲಿಲ್ಲ. ಅದು ತಪ್ಪು. ಈ ತಿಂಗಳು ಐದು ಸಾವಿರ ತಂದಿದ್ದೀನಿ, ಉಳಿದಿದ್ದು ತಿಂಗಳು ತಿಂಗಳು ಕೊಡ್ತೀನಿ." ಇದು ಕ್ಷಮೆ ಕೇಳುವುದು. ಸುವಾರ್ತೆಯ ಸುಂಕದವನು ಜಕ್ಕಾಯ ಮಾಡಿದ್ದೂ ಇಷ್ಟೇ, ಬರೀ ಅಳಲಿಲ್ಲ, ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂತ ಲೆಕ್ಕ ಹೇಳಿದ.

ಅವರು ಬಾಗಿಲು ಹಾಕಿಕೊಂಡರೆ? ಹಾಕಿಕೊಳ್ಳಲಿ. ಒಂದಾಗುವುದು ಇಬ್ಬರ ಕೈಯಲ್ಲಿರುವ ವಿಷಯ, ಹೋಗುವುದು ಮಾತ್ರ ನಿಮ್ಮ ಕೈಯಲ್ಲಿದೆ. ದುಡ್ಡು ತೀರಿಸುವುದನ್ನು ನಿಲ್ಲಿಸಬೇಡಿ.

4. "ಎಲ್ಲರನ್ನೂ" ಬಿಡಿ, ಒಬ್ಬರನ್ನು ಪ್ರೀತಿಸಿ

ಎಲ್ಲರನ್ನೂ ಪ್ರೀತಿಸುತ್ತೇನೆ ಅನ್ನುವುದು ಸುಲಭ. ಎಲ್ಲರೂ ಅನ್ನುವವರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವುದಿಲ್ಲ. ಲೂಕ 10ರಲ್ಲಿ ಕಳ್ಳರ ಹೊಡೆತ ತಿಂದು ದಾರಿಯಲ್ಲಿ ಬಿದ್ದಿದ್ದವನಿಗೆ ಸಮಾರ್ಯದವನು ಮಾಡಿದ್ದನ್ನು ಎಣಿಸಿ ನೋಡಿ: ಹತ್ತಿರ ಹೋದ, ಎಣ್ಣೆ ದ್ರಾಕ್ಷಾರಸ ಹೊಯ್ದ, ಗಾಯ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿದ, ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದ, ಮಾರನೇ ದಿನ ಎರಡು ಬೆಳ್ಳಿ ನಾಣ್ಯ ಕೊಟ್ಟ, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಅವನ ಮನಸ್ಸಿನ ಬಗ್ಗೆ ಇರುವುದು ಕನಿಕರಪಟ್ಟ ಅನ್ನುವ ಒಂದೇ ಮಾತು. ಉಳಿದದ್ದೆಲ್ಲ ಕೈಕಾಲಿನ ಕೆಲಸ, ಜೇಬಿನ ಕೆಲಸ.

ಇಲ್ಲಿ ಪಂಡಿತಾ ರಮಾಬಾಯಿಯವರನ್ನು ನೆನೆಯದೆ ಮುಂದೆ ಹೋಗಲಾರೆ. 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸ್ವಂತ ಜನರ ವಿರೋಧ ಕಟ್ಟಿಕೊಂಡವರು. ಪುರಾಣ ಓದುತ್ತಾ ಊರೂರು ಅಲೆದ ಆ ಕುಟುಂಬ 1870ರ ದಶಕದ ಬರಗಾಲಕ್ಕೆ ಸಿಕ್ಕಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಮುಂದೆ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿದ್ದಾಗ ಅವರೇ ಹೊರಟುಹೋಗಿ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರ ಕೇಡಗಾಂವಿನ ಮುಕ್ತಿ ಆಶ್ರಮ ಬೆಳೆದದ್ದು ಹಾಗೆ. ಹಸಿವು ಏನು ಅಂತ ಗೊತ್ತಿದ್ದವರು ಹಸಿದವರ ಹತ್ತಿರ ಹೋದರು. ಹೇಳಿದ್ದಕ್ಕೆಲ್ಲ ತಲೆಯಾಡಿಸುವವರೂ ಅಲ್ಲ ಅವರು, ಇಂಗ್ಲೆಂಡಿನ ಚರ್ಚಿನ ಹಿರಿಯರ ಜೊತೆ ಪತ್ರದಲ್ಲಿ ಗಟ್ಟಿಯಾಗಿ ವಾದ ಮಾಡಿದವರು. ವಿಧೇಯತೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂದುಕೊಂಡವರು ಇದನ್ನು ಗಮನಿಸಬೇಕು.

ನೀವೂ ನಿಮಗೆ ಒಳಗಿನಿಂದ ಗೊತ್ತಿರುವ ಕಷ್ಟವನ್ನು ಹುಡುಕಿ. ಡಯಾಲಿಸಿಸ್ ಕಂಡ ಮನೆಯವರಿಗೆ ಡಯಾಲಿಸಿಸ್‌ಗೆ ಹೋಗುವವರ ಜೊತೆ ಕೂರುವುದು ಹೇಗೆ ಅಂತ ಗೊತ್ತಿರುತ್ತದೆ. ಕುಡುಕ ತಂದೆಯ ಮನೆಯಲ್ಲಿ ಬೆಳೆದವರಿಗೆ ಪಕ್ಕದ ಮನೆಯ ಹುಡುಗ ಯಾಕೆ ಸಂಜೆ ಮನೆಗೆ ಹೋಗುವುದಿಲ್ಲ ಅಂತ ಹೇಳಬೇಕಾಗಿಲ್ಲ. ಒಬ್ಬರ ಹೆಸರು ಬರೆದುಕೊಳ್ಳಿ. ಆರು ತಿಂಗಳು ಅವರನ್ನು ಬಿಡಬೇಡಿ. "ಏನಾದ್ರೂ ಬೇಕಿದ್ರೆ ಹೇಳಿ" ಅನ್ನಬೇಡಿ, ಯಾರೂ ಹೇಳುವುದಿಲ್ಲ. "ಮಂಗಳವಾರ ನಾನು ಮಕ್ಕಳನ್ನು ಸ್ಕೂಲಿಂದ ಕರ್ಕೊಂಡು ಬರ್ತೀನಿ" ಅನ್ನಿ.

ಪತ್ರದ ಇನ್ನೊಂದು ಸಾಲು ಮರೆಯಬೇಡಿ: ಪಟ್ಟಣದ ಒಳಿತು. ದುಬೈ, ಕುವೈತಿನಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೂ, ಬೀದರಿನಿಂದ ಬಂದು ಬೆಂಗಳೂರಿನ ಪಿಜಿಯಲ್ಲಿ ಇರುವವರಿಗೂ "ಇದು ನಮ್ಮೂರಲ್ಲ, ಎರಡು ವರ್ಷ ಕಳೆದು ಹೋದರೆ ಸಾಕು" ಅನ್ನುವ ಮನಸ್ಸು ಇರುತ್ತದೆ. ಹನನ್ಯನ ಲೆಕ್ಕ ಅದು! ಇರುವ ಬೀದಿಯೇ ನಿಮ್ಮ ಬೀದಿ. ರಕ್ತ ಬೇಕಾದರೆ ಕೊಡಿ, ಅಪಾರ್ಟ್‌ಮೆಂಟಿನ ನೀರಿನ ಮೀಟಿಂಗಿಗೆ ಹೋಗಿ, ಎದುರು ಮನೆಯ ಗೌಡರ ತಾಯಿಗೆ ಹುಷಾರಿಲ್ಲದಿದ್ದರೆ ಗಂಜಿ ಕೊಟ್ಟು ಬನ್ನಿ. ಗಂಜಿಯ ಜೊತೆ ಕರಪತ್ರ ಇಡಬೇಡಿ. ಯಾಕೆ ಮಾಡುತ್ತೀರಿ ಅಂತ ಅವರೇ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳಿ, ಕೇಳದಿದ್ದರೂ ಗಂಜಿ ಗಂಜಿಯೇ. ಪ್ರತಿಫಲದ ಕಣ್ಣಿಟ್ಟು ಮಾಡಿದ ಸಹಾಯ ಎಂಥವರಿಗೂ ಒಂದು ದಿನ ಗೊತ್ತಾಗುತ್ತದೆ, ಆಮೇಲೆ ನೀವು ಏನು ಹೇಳಿದರೂ ನಂಬುವುದಿಲ್ಲ.

5. ಕ್ಷಮಿಸುವುದಕ್ಕೂ ಸಹಿಸಿಕೊಂಡಿರುವುದಕ್ಕೂ ಇರುವ ವ್ಯತ್ಯಾಸ ತಿಳಿದಿರಲಿ

ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯ ಒಂದು ರಾತ್ರಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಅವರು ಮಲಗಿದ್ದ ವಾಹನದಲ್ಲೇ ಸುಟ್ಟು ಕೊಂದರು. ಪತ್ನಿ ಗ್ಲ್ಯಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು, ಕೂಡಲೇ ದೇಶ ಬಿಟ್ಟು ಹೋಗದೆ ಬಾರಿಪದದ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಷ್ಟನ್ನು ನಾವು ಪ್ರಸಂಗದಲ್ಲಿ ಕೇಳಿದ್ದೇವೆ. ಕಾನೂನು ತನ್ನ ದಾರಿಯಲ್ಲಿ ನಡೆಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು ಅನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ. ಅವರ ಕ್ಷಮೆ ಕೋರ್ಟಿಗೆ ಅಡ್ಡ ಬರಲಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಗಂಡ ಹೊಡೆಯುತ್ತಾನೆ ಅಂತ ಅತ್ತುಕೊಂಡು ಬಂದ ಹೆಣ್ಣುಮಗಳಿಗೆ "ವಿಧೇಯಳಾಗಿರಮ್ಮ, ಪ್ರಾರ್ಥನೆ ಮಾಡು, ದೇವರು ಅವನನ್ನು ಬದಲಾಯಿಸ್ತಾನೆ" ಅಂತ ಹೇಳಿ ಕಳಿಸುವ ಹಿರಿಯರು ಈಗಲೂ ಇದ್ದಾರೆ. ತಪ್ಪು ಇದು. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ಪೇತ್ರ ಮತ್ತು ಅಪೊಸ್ತಲರು ಹೇಳಿದ್ದು ಅಧಿಕಾರದಲ್ಲಿದ್ದವರ ಮುಖಕ್ಕೇ (ಅಪೊಸ್ತಲರ ಕೃತ್ಯಗಳು 5:29). ಹೊಡೆತ ತಿನ್ನುವುದು ಯಾವ ಆಜ್ಞೆಯಲ್ಲೂ ಇಲ್ಲ. ಮೊದಲು ಆ ಮನೆಯಿಂದ ಹೊರಗೆ ಬನ್ನಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗಾದರೆ 1098, ತುರ್ತಿಗೆ 112. ಕ್ಷಮೆಯ ಮಾತು ಆಮೇಲೆ, ಅದೂ ನಿಮಗೆ ಆದಾಗ. ಸಭೆಯಲ್ಲಿ ಮಗುವಿನ ಮೇಲೆ ಯಾರಾದರೂ ಕೈ ಹಾಕಿದ್ದು ತಿಳಿದರೆ ಸಭೆಯ ಮರ್ಯಾದೆ ನೋಡದೆ ಪೊಲೀಸರಿಗೆ ಹೇಳಿ, ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದವರು ಹೇಳಲೇಬೇಕು.

6. ಭರವಸೆ: ಇವತ್ತಿನದು ಇವತ್ತಿಗೆ

ಇದೇ ಕಷ್ಟದ್ದು. ಮೊದಲಿನವುಗಳಲ್ಲಿ ಮಾಡುವುದಕ್ಕೆ ಏನಾದರೂ ಇರುತ್ತದೆ. ಇಲ್ಲಿ ಎಷ್ಟೋ ಸಲ ಕಾಯುವುದೇ ಕೆಲಸ.

ಬಯಾಪ್ಸಿ ರಿಪೋರ್ಟ್ ಬರಲು ನಾಲ್ಕು ದಿನ ಅಂದಿದ್ದಾರೆ ಅಂದುಕೊಳ್ಳಿ. ರಾತ್ರಿ ಎರಡು ಗಂಟೆಗೆ ಫೋನ್ ತೆಗೆದು ಗೂಗಲ್ ಮಾಡುತ್ತೀರಿ. ಒಂದು ಪುಟ ಹೆದರಿಸುತ್ತದೆ, ಇನ್ನೊಂದು ಸಮಾಧಾನ ಹೇಳುತ್ತದೆ, ಮತ್ತೆ ಮೊದಲನೆಯದಕ್ಕೇ ಹೋಗುತ್ತೀರಿ. ಆಗ ಫೋನ್ ಕೆಳಗಿಡಿ, ಎದ್ದು ಒಂದು ಲೋಟ ನೀರು ಕುಡಿಯಿರಿ. ಒಂದು ಚೀಟಿಯಲ್ಲಿ ನಾಳೆ ನೀವು ಮಾಡಬೇಕಾದದ್ದನ್ನು ಬರೆಯಿರಿ: ಲ್ಯಾಬಿಗೆ ಫೋನ್, ಇನ್ಶೂರೆನ್ಸ್ ಕಾರ್ಡ್ ಹುಡುಕುವುದು, ರಜೆ ಹೇಳುವುದು. ಅದರ ಕೆಳಗೆ ಗೆರೆ ಎಳೆದು ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಬರೆಯಿರಿ. ಆ ಕೆಳಗಿನದನ್ನು ಬಾಯಿಬಿಟ್ಟು ದೇವರಿಗೆ ಹೇಳಿ. ಚಂದದ ಪ್ರಾರ್ಥನೆ ಬೇಕಿಲ್ಲ. "ಹೆದರಿಕೆ ಆಗ್ತಿದೆ ಸ್ವಾಮಿ" ಅಂದರೂ ಪ್ರಾರ್ಥನೆಯೇ. 13ನೇ ಕೀರ್ತನೆ "ಎಷ್ಟರವರೆಗೆ" ಅಂತ ಕೇಳುತ್ತಲೇ ಶುರುವಾಗುತ್ತದೆ, 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅವನ್ನೂ ದೇವಜನರ ಪ್ರಾರ್ಥನೆ ಪುಸ್ತಕದಲ್ಲೇ ಇಟ್ಟಿದ್ದಾರೆ, ತೆಗೆದುಹಾಕಲಿಲ್ಲ.

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನಾ ಕೊಟ್ಟ ಆಹಾರ, ಮನ್ನ ನೆನಪಿದೆಯಾ? ವಿಮೋಚನಕಾಂಡ 16. ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕು, ಮರುದಿನಕ್ಕೆ ಇಟ್ಟುಕೊಂಡವರದ್ದು ಹುಳ ಬಿದ್ದು ನಾತ ಹೊಡೆಯಿತು. ಹಾಗಂತ ಉಳಿತಾಯ ಮಾಡುವುದು ಅಪನಂಬಿಕೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದೇ ದೇವರ ಮಾತಿನಂತೆ ಯೋಸೇಫ ಐಗುಪ್ತದಲ್ಲಿ ಏಳು ವರ್ಷ ಧಾನ್ಯ ಕೂಡಿಟ್ಟ. ಪಿಎಫ್ ಇರಲಿ, ಟರ್ಮ್ ಇನ್ಶೂರೆನ್ಸ್ ಇರಲಿ. ಬ್ಯಾಂಕ್ ಬ್ಯಾಲೆನ್ಸ್ ನೋಡಿದ ಮೇಲೆಯೇ ನಿದ್ದೆ ಬರುವ ಸ್ಥಿತಿಗೆ ಬಂದಿದ್ದರೆ ಮಾತ್ರ ಮನ್ನದ ಅಧ್ಯಾಯ ಓದಿ.

ಔಷಧಿಯ ವಿಷಯ. ಮಾತ್ರೆ ಬಿಟ್ಟುಬಿಡು, ಅದೇ ನಂಬಿಕೆ ಅಂತ ಹೇಳುವವರಿಗೆ 2 ಅರಸುಗಳು 20 ತೋರಿಸಿ. ರಾಜ ಹಿಜ್ಕೀಯನನ್ನು ಗುಣಪಡಿಸುತ್ತೇನೆ ಅಂತ ದೇವರು ಮಾತು ಕೊಟ್ಟ ಮೇಲೂ ಪ್ರವಾದಿ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಇಡಿಸಿದ. ಪೌಲನ ಜೊತೆಗಾರ ಲೂಕ ವೈದ್ಯ. ಪೌಲನೇ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು (2 ತಿಮೊಥೆ 4:20). ಪೌಲನಿಗೆ ನಂಬಿಕೆ ಕಮ್ಮಿ ಇತ್ತೇ? ಹಾಗಾಗಿ ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸ್, ಖಿನ್ನತೆ ಯಾವುದರ ಮಾತ್ರೆಯನ್ನೂ ಡಾಕ್ಟರು ಹೇಳದೆ ನಿಲ್ಲಿಸಬೇಡಿ. ಮಾತ್ರೆ ನುಂಗಿ, ಪ್ರಾರ್ಥನೆಯನ್ನೂ ಮಾಡಿ. ಇಷ್ಟು ಕಾಣಿಕೆ ಹಾಕಿದರೆ ಇಷ್ಟು ಪಟ್ಟು ಬರುತ್ತದೆ ಅನ್ನುವವರ ಕ್ಯೂಆರ್ ಕೋಡಿಗೆ ಸಾಲ ಮಾಡಿ ದುಡ್ಡು ಹಾಕುವುದೂ ಭರವಸೆ ಅಲ್ಲ.

ಕೇಳಿದ್ದು ಸಿಗದೇ ಹೋದರೆ? ದಾನಿಯೇಲ 3ರಲ್ಲಿ ರಾಜನ ಬೊಂಬೆಗೆ ಅಡ್ಡಬೀಳದಿದ್ದರೆ ಬೆಂಕಿಗೆ ಹಾಕುತ್ತೇನೆ ಅಂದಾಗ ಮೂವರು ಯೆಹೂದ್ಯರು ಹೇಳಿದ ಉತ್ತರಕ್ಕೆ ಎರಡು ಭಾಗ ಇದೆ. ನಮ್ಮ ದೇವರು ಬಿಡಿಸಬಲ್ಲ ಅನ್ನುವುದು ಒಂದು. ಬಿಡಿಸದಿದ್ದರೂ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ ಅನ್ನುವುದು ಇನ್ನೊಂದು. ಯೆರೆಮೀಯನ 70 ವರ್ಷವೂ ಹಾಗೇ. ಪತ್ರ ಓದಿದ ಮಧ್ಯವಯಸ್ಸಿನವರಲ್ಲಿ ಹೆಚ್ಚಿನವರು ವಾಪಸ್ ಹೋಗುವ ದಿನ ನೋಡುವ ಹಾಗಿರಲಿಲ್ಲ. ಆ 11ನೇ ವಚನ ಅವರ ಮಟ್ಟಿಗೆ ಮೊಮ್ಮಕ್ಕಳಿಗಾಗಿ ಬಂದದ್ದು. ಆದರೂ ತೋಟ ಹಾಕಿ ಅಂತಲೇ ಅವರಿಗೆ ಹೇಳಿದ್ದು. ನಿಮ್ಮ ಮಗನ ಕುಡಿತ, ನಿಮ್ಮ ಮನೆಯ ಸಾಲ, ನಿಮ್ಮ ಸಭೆಯ ಜಗಳ ನಿಮ್ಮ ಕಾಲದಲ್ಲೇ ಮುಗಿಯುತ್ತದೆ ಅಂತ ನಾನು ಹೇಳಲಾರೆ. ಈ ವಾರ ಮಾಡಬೇಕಾದದ್ದು ಮಾತ್ರ ಎದುರಿಗೇ ಇರುತ್ತದೆ.

7. ಒಬ್ಬರೇ ಮಾಡಬೇಡಿ

ಬೆಳಗ್ಗೆ ಓದು, ಪ್ರಾರ್ಥನೆ, ಭಾನುವಾರದ ಆರಾಧನೆ, ಪ್ರಭುಭೋಜನ ಇವೆಲ್ಲ ನಿಮಗೆ ಗೊತ್ತಿರುವುದೇ, ಹೊಸದಾಗಿ ಹೇಳುವುದೇನಿಲ್ಲ. ಸಮಯ ಇಲ್ಲದವರು ಒಂದು ಕೀರ್ತನೆ ಮತ್ತು ಸುವಾರ್ತೆಯ ಹತ್ತು ವಚನ ಓದಿ, ಸಾಕು.

ಇದರ ಜೊತೆಗೆ ಇಬ್ಬರು ಅಥವಾ ಮೂವರನ್ನು ಹುಡುಕಿಕೊಳ್ಳಿ. ಗಂಡಸರು ಗಂಡಸರ ಜೊತೆ, ಹೆಂಗಸರು ಹೆಂಗಸರ ಜೊತೆ ಆದರೆ ಮಾತು ಸಲೀಸು. ನಿಮ್ಮನ್ನು ಹೊಗಳುವವರು ಬೇಡ, ಕೇಳಿದ್ದನ್ನು ಊರೆಲ್ಲ ಹೇಳುವವರಂತೂ ಬೇಡವೇ ಬೇಡ, "ಪ್ರಾರ್ಥನೆಗಾಗಿ" ಅಂತ ಶುರುವಾಗಿ ಚಾಡಿಯಾಗುವುದು ನಮ್ಮ ಕಡೆ ಹೊಸದೇನಲ್ಲ. ಹದಿನೈದು ದಿನಕ್ಕೊಮ್ಮೆ ಸೇರಿ. ವಾರಕ್ಕೊಮ್ಮೆ ಅಂತ ಹುರುಪಿನಲ್ಲಿ ಶುರು ಮಾಡಿದ್ದು ಎರಡನೇ ತಿಂಗಳಿಗೆ ನಿಂತುಹೋಗುತ್ತದೆ. ಯಾರೂ ಪ್ರಸಂಗ ಮಾಡಬಾರದು. ಕೇಳಬೇಕಾದ ಪ್ರಶ್ನೆ ಮೂರೇ: ಹೋದ ಸಲ ಮಾಡುತ್ತೇನೆ ಅಂದದ್ದು ಮಾಡಿದೆಯಾ? ಬರೆದುಕೊಂಡಿರುವ ಆ ಒಬ್ಬರು ಹೇಗಿದ್ದಾರೆ? ಈಗ ಯಾವುದಕ್ಕೆ ಹೆದರಿಕೊಂಡಿದ್ದೀಯ? ಮಾಡಿಲ್ಲ ಅಂದರೆ ಬೈಯಬೇಡಿ, ಯಾವತ್ತು ಮಾಡುತ್ತೀಯ ಅಂತ ದಿನ ಕೇಳಿ ಬರೆದುಕೊಳ್ಳಿ, ಆ ದಿನ ಬೆಳಗ್ಗೆ ಒಂದು ಫೋನ್ ಮಾಡಿ ನೆನಪಿಸಿ. ಅಣ್ಣನ ಮನೆಗೆ ಹೋಗಲು ಕಾಲು ಬರದಿದ್ದರೆ ಬಸ್ ಸ್ಟಾಪಿನವರೆಗೆ ಜೊತೆಗೆ ಹೋಗಿ.